ಹಿಡಿದ ಮೇಲೆ ಬಿಡುವವರು

ಪದ್ಮನಾಭನಗರದ ಶಿವರಾಮ್ ಪೇಟೆಂಟ್ ಪರೀಕ್ಷಕರು. ಓಡುವ ಬಸ್ಸಿನಲ್ಲಿ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ ಮಾತು ಕಡಿಯದಂತೆ ಮಾಡುತ್ತೇವೆ ಎನ್ನುವವರ ಅರ್ಜಿಗಳನ್ನು ಮನೆಯಲ್ಲೇ ಕೂತು ಜಾಲಾಡುತ್ತಾರೆ. "ಇದ್ರಲ್ಲಿ ಹೊಸದೇನಿದೆ?" ಎಂಬ ಪ್ರಶ್ನೆ ಸದಾ ನಾಲಿಗೆ ತುದಿಯಲ್ಲಿ. ಹೆಂಡತಿ ವಿಮಲಾ ನುಗ್ಗೆಸೊಪ್ಪಿನ ವಡೆ ಮಾಡಿದರೂ "ಹೋದ್ವರ್ಷ ನಿಮ್ಮಮ್ಮ ಮಾಡಿದ್ರಲ್ಲ" ಎಂದು ತಿರಸ್ಕರಿಸುತ್ತಾರೆ. ತಿರಸ್ಕರಿಸಿದ್ದನ್ನು ತಟ್ಟೆ ತುಂಬ ತಿನ್ನುತ್ತಾರೆ. ನೆಂಟರಿಗೆ ಕಾಫಿ ಕೊಟ್ಟರೆ, "ಹಿಡ್ಕೊಂಡ್ರಾ?" ಎಂದು ಕೇಳಿ, "ಹಿಡ್ಕೊಂಡೆ" ಅನ್ನಿಸದೆ ಲೋಟ ಬಿಡುವವರಲ್ಲ. "ಹೊಸ ಟವರ್ ಹಿಡಿಯೋ ತನಕ ಹಳೇದು ಬಿಡಬಾರ್ದು ಕಣ್ರೀ" ಎಂದು ಸಮಜಾಯಿಷಿ ಬೇರೆ. ಅತ್ತೆ ಮುನಿವೆಂಕಟಮ್ಮನವರ ಕಣ್ಣು ಮಂಜಾಗುವ ತನಕ ವಿಮಲಾಗೂ ಇದು ಹುಚ್ಚಾಟವೇ ಆಗಿತ್ತು. ಈಗ ದಿನಾ ಬೆಳಿಗ್ಗೆ ಶಿವರಾಮ್ ತಾಯಿಯ ಕೈ ಹಿಡಿದು ಬೀದಿ ಸುತ್ತಿಸುತ್ತಾರೆ. ಕೆಲಸದ ಹೊತ್ತಾದಾಗ ವಿಮಲಾ ಗೇಟಿನ ಬಳಿ ಬಂದು ಅತ್ತೆಯ ಇನ್ನೊಂದು ಕೈ ಹಿಡಿಯುತ್ತಾಳೆ. ಶಿವರಾಮ್ ಕಣ್ಣಲ್ಲೇ ಕೇಳುತ್ತಾರೆ, ಇವಳು ತಲೆಯಾಡಿಸುತ್ತಾಳೆ, ಆಮೇಲಷ್ಟೇ ಅವರ ಬೆರಳು ಸಡಿಲವಾಗುತ್ತದೆ. ಈ ಬೀದಿ ಆಗುವ ಮುಂಚೆ ಇಲ್ಲಿದ್ದ ತಮ್ಮ ರಾಗಿ ಹೊಲದ ಕಥೆ ಹೇಳುತ್ತಿರುವ ಮುನಿವೆಂಕಟಮ್ಮನವರ ಮಾತು ಎಲ್ಲೂ ಕಡಿಯುವುದಿಲ್ಲ. "ಎಂಥಾ ತೆನೆ ಅಲ್ವೇನೋ, ಶಿವೂ?" ಎಂದು ಅವರು ಸೊಸೆಯ ಕೈ ಅದುಮುತ್ತಾರೆ. ಸದ್ದಿಲ್ಲದೆ ಒಳನಡೆದ ಗಂಡನನ್ನು ನೋಡುತ್ತ ವಿಮಲಾ, ಅವರ ಪರವಾಗಿ, ಹೆಮ್ಮೆಯಿಂದ ಹೂಂಗುಟ್ಟುತ್ತಾಳೆ.