ಅಕ್ಕನ ಟವಲ್ಲು, ನನ್ನ ವೇಲು

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಕಷ್ಟಪಟ್ಟೇ ಪಾಸಾದದ್ದು. ಬಾಣಾವರದ ಹತ್ತಿರದ ನಮ್ಮ ಊರಿನಿಂದ ಅರಸೀಕೆರೆ ಕಾಲೇಜಿಗೆ ಓಡಾಡುತ್ತಿದ್ದಾಗ ನನ್ನ ದೊಡ್ಡ ಆಸ್ತಿಯೆಂದರೆ ಒಂದು ವೇಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಎಸೆದರೆ ಸೀಟು ನನ್ನದು. ಮಳೆ ಬಂದರೆ ಪುಸ್ತಕ ಅದರೊಳಗೆ, ಬಿಸಿಲಾದರೆ ತಲೆ ಅದರೊಳಗೆ. ರಜೆಯಲ್ಲಿ ಅದನ್ನೇ ಸಿಂಬೆ ಸುತ್ತಿ ನೆತ್ತಿಯ ಮೇಲಿಟ್ಟು ಹುಲ್ಲಿನ ಹೊರೆ ಹೊರುತ್ತಿದ್ದೆ. ಅಸಲಿಗೆ ಆ ವೇಲು ಅಕ್ಕನದು. ನಡುವೆಯೇ ಸ್ಕೂಲು ಬಿಟ್ಟಿದ್ದ ಅವಳು, "ಹೊಲ್ದಾಗೆ ನನ್ನ ಯಾರ್ ನೋಡ್ತಾರೆ, ನೀನೇ ಹಾಕ್ಕ" ಎಂದು ಕೊಟ್ಟು, ತಾನು ಅಪ್ಪನ ಹಳೇ ಟವಲ್ಲು ತಲೆಗೆ ಸುತ್ತಿಕೊಂಡಳು. ಈಗಲೂ ಅವಳಿಗೆ ಟವಲ್ಲೇ.

ಈಗ ನಾನು ಬೇಲೂರಿನಲ್ಲಿ ಟೀಚರು. ಅಕ್ಕನನ್ನು ಕೊಟ್ಟಿರುವುದು ಗೆಂಡೆಹಳ್ಳಿ ಕಡೆಗೆ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಒಂದು ಭಾನುವಾರ, ಧೂಳಿಗೆಂದು ಮುಖಕ್ಕೆ ವೇಲು ಸುತ್ತಿಕೊಂಡು ಸ್ಕೂಟರಿನಲ್ಲಿ ನೇರ ಅವಳ ತೆಂಗಿನ ತೋಟಕ್ಕೇ ಹೋದೆ.

"ಏನೇ ಇದು, ಕಣ್ಣೊಂದು ಬಿಟ್ಟು ಎಲ್ಲಾ ಮುಚ್ಕಂಡಿದ್ದೀಯ? ಯಾರ ಮನೆ ಕೋಳಿ ಕದಿಯಾಕ್ ಹೊಂಟೆ?" ಎಂದಳು.

"ನಿನ್ ಮನೇದೇ ಕಣಕ್ಕ. ಹುಂಜ ಎಲ್ಲೈತೆ ಹೇಳು."

"ಅಂಗಡಿ ಮುಂದೆ ನಿಮ್ ಭಾವನ ಪಕ್ಕ ಕುಂತೈತೆ, ಹೋಗು. ಇಬ್ರನ್ನೂ ಕದ್ಕಂಡು ಹೋಗು."

ನಗುತ್ತಲೇ ಕೃಷಿ ಹೊಂಡದ ದಂಡೆಗೆ ಬಂದೆವು. ಮಳೆನೀರು ಹಿಡಿಯಲು ತೋಡಿ, ತಳಕ್ಕೂ ಬದಿಗೂ ಕಪ್ಪು ಪ್ಲಾಸ್ಟಿಕ್ ಹಾಸಿದ ಹೊಂಡ. ಸುತ್ತ ಕಲ್ಲುಕಂಬವಿದ್ದರೂ ಒಂದು ಕಡೆ ತಂತಿ ಕಿತ್ತುಹೋಗಿತ್ತು. ಬಟ್ಟೆ ಮಣ್ಣಾದೀತೆಂದು ಅಕ್ಕ ತನ್ನ ಟವಲ್ಲು ಬಿಚ್ಚಿ ನನಗೆ ಹಾಸಿಕೊಟ್ಟಳು. ನಾನು ವೇಲು ತೆಗೆದು ಧೂಳು ಕೊಡವಿದೆ. ಗಾಳಿಗೆ ಕೈತಪ್ಪಿ ನೀರಿನ ಅಂಚಿಗೆ ಬಿತ್ತು.

"ಅಯ್ಯೋ, ಹೊಸಾದು ಕಣಕ್ಕ!" ಅಂದುಬಿಟ್ಟೆ.

"ಇರೇ, ತತ್ತೀನಿ" ಎಂದು ಅವಳು ಎದ್ದೇಬಿಟ್ಟಳು.

ಆ ಪ್ಲಾಸ್ಟಿಕ್ಕಿನ ಮೇಲೆ ದನದ ಕಾಲೂ ನಿಲ್ಲುವುದಿಲ್ಲ. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬೇಡ ಎನ್ನಲಿಲ್ಲ. ನನ್ನ ಕೆಲಸಕ್ಕೆ ಅವಳು ಏಳುವುದು, ನಾನು ಕೂತಿರುವುದು ಚಿಕ್ಕಂದಿನಿಂದ ಬಂದ ರೂಢಿ. ವೇಲೇನೋ ಅವಳ ಕೈಗೆ ಸಿಕ್ಕಿತು. ಅಷ್ಟರಲ್ಲಿ ಪಾಚಿಯ ಮೇಲೆ ಕಾಲು ಜಾರಿ ಎದೆಮಟ್ಟದ ನೀರಿಗೆ ಇಳಿದುಹೋದಳು. ಹತ್ತಲು ನೋಡಿದಷ್ಟೂ ಒಳಕ್ಕೇ ಜಾರುತ್ತಿದ್ದಳು. ಅವಳಿಗೆ ಈಜು ಬರುವುದಿಲ್ಲ. ನನಗೂ ಬರುವುದಿಲ್ಲ.

ಕೂಗಿದೆ. ಹತ್ತಿರ ಯಾರೂ ಇರಲಿಲ್ಲ.

"ಅಲ್ಲಾಡಬ್ಯಾಡ ಅಕ್ಕ! ವೇಲಿಂದು ಒಂದು ತುದಿ ಹಿಡ್ಕ, ಇನ್ನೊಂದು ತುದಿ ಉಂಡೆ ಮಾಡಿ ಎಸಿ!"

ಮೊದಲು ಸಿಗಲಿಲ್ಲ. ಮತ್ತೆ ಎಸೆದಾಗ ಬೋರಲು ಮಲಗಿ ಹಿಡಿದೆ. ಅವಳ ಭಾರ ಎಳೆಯುವ ಶಕ್ತಿ ನನಗೆಲ್ಲಿ? ಕೂತಿದ್ದ ಟವಲ್ಲನ್ನು ವೇಲಿಗೆ ಗಂಟು ಹಾಕಿ, ಟವಲ್ಲಿನ ಇನ್ನೊಂದು ತುದಿಯನ್ನು ಕಲ್ಲುಕಂಬಕ್ಕೆ ಬಿಗಿದೆ. ಅಕ್ಕ ಹಿಡಿದು ಹಿಡಿದು ಮೇಲೆ ಬಂದಳು. ವೇಲು ಪರಪರ ಎಂದಿತು. ಪೂರ್ತಿ ಹರಿಯುವ ಮೊದಲು ಅವಳ ರಟ್ಟೆ ನನ್ನ ಕೈಗೆ ಸಿಕ್ಕಿತು.

ಇನ್ನೂ ಏದುಸಿರು ಬಿಡುತ್ತಲೇ ಅವಳು ಹೇಳಿದ್ದು, "ಹಾಳಾಯ್ತಲ್ಲೇ ನಿನ್ ವೇಲು."

"ಬಾಯ್ ಮುಚ್ಚು" ಎಂದು ಅತ್ತುಬಿಟ್ಟೆ.

ಮನೆಗೆ ಹೋದಾಗ ಭಾವ ಜಗುಲಿಯ ಮೇಲಿದ್ದರು. ಒದ್ದೆ ಸೀರೆ ನೋಡಿ ಗಾಬರಿಯಾದರು.

"ಹೊಂಡದ ತಾವ ಕಾಲ್ ಜಾರ್ತು" ಎಂದಳು ಅಕ್ಕ. ವೇಲಿನ ಮಾತೇ ಎತ್ತಲಿಲ್ಲ.

"ಕಣ್ಣೇನ್ ನೆತ್ತಿ ಮ್ಯಾಲೈತಾ ನಿಂಗೆ? ತಂಗಿ ಇಲ್ದಿದ್ರೆ ಏನ್ ಗತಿ ಆಗಿರಾದು?" ಎಂದು ಗದರಿ, ಹೇಗೆ ಎತ್ತಿದೆನೆಂದು ಕೇಳಿ ತಿಳಿದು ನನ್ನ ಕಡೆ ತಿರುಗಿದರು. "ಓದಿದೋರು ಓದಿದೋರೇ ಕಣಮ್ಮ. ಎಂಥಾ ಟೈಮಲ್ಲಿ ಎಂಥಾ ಬುದ್ಧಿ ಓಡ್ಸಿದೆ!"

"ಮತ್ತೆ? ಯಾರ್ ತಂಗಿ ಅಂದ್ಕಂಡ್ರಿ?" ಎಂದಳು ಅಕ್ಕ, ಚಳಿಗೆ ನಡುಗುತ್ತಲೇ.

ಆಗ ಹೇಳಬಹುದಿತ್ತು: ಸುಮ್ಮನೆ ಜಾರಿದ್ದಲ್ಲ ಭಾವ, ನನ್ನ ವೇಲು ತರಲು ಇಳಿದದ್ದು. ಹೇಳಲಿಲ್ಲ. ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಈ ವಿಷಯ ನಾನೇ ತೆಗೆದೆ. ಅಲ್ಲೂ, ಅಕ್ಕನ ಕಾಲು ಜಾರಿತು ಎಂದೇ ಹೇಳಿದೆ. ಎಲ್ಲರೂ ನನ್ನನ್ನು ಹೊಗಳಿದರು.