ಓನರ್ ಅಂಜಿನಪ್ಪನವರ ವಿಮಾನ

ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವಲು ಹೋದರೆ, ತಂತಿಯ ಮೇಲೆ ನಮ್ಮ ಮನೆ ಓನರ್ ಅಂಜಿನಪ್ಪನವರ ಅಂಗಿ. ಒಗೆದಿದ್ದರೂ ವಿಮಾನದ ಪೆಟ್ರೋಲಿನ ವಾಸನೆ ಹೋಗಿಲ್ಲ. ವರ್ಷಗಟ್ಟಲೆ ವಿಮಾನ ಹಾರಿಸುವುದನ್ನು ಕಲಿಸಿ ಹೊಟ್ಟೆ ಹೊರೆದವಳು ನಾನು. ಬಕೆಟ್ ಕೆಳಗಿಟ್ಟು ಆ ವಾಸನೆ ಹೀರುತ್ತ ನಿಂತುಬಿಟ್ಟೆ.

ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದವರಿಗೆ ಓನರುಗಳ ಕಾನೂನು ಗೊತ್ತಿರುತ್ತದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ನೆಂಟರು ಹೆಚ್ಚು ದಿನ ಉಳಿಯುವಂತಿಲ್ಲ. ಅಂಥ ಅಂಜಿನಪ್ಪನವರು ಎರಡು ವರ್ಷದ ಹಿಂದೆ ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡು, ನಮ್ಮ ಬಾಗಿಲು ತಟ್ಟಿದರು.

"ಮೇಡಂ, ನೀವೇ ಕಲಿಸ್ಬೇಕು. ಎಡಗಣ್ಣು ಮಂಕಾಗ್ತಾ ಐತೆ. ವಿಮಾನ ಹಾರ್ಸೋಕೆ ಬೇಕಾದ ಮೆಡಿಕಲ್ ಟೆಸ್ಟು ಈ ಸಲ ಪಾಸು. ಮುಂದಿನ ಸಲ ಡೌಟು ಅಂದವ್ರೆ ಡಾಕ್ಟ್ರು."

ನನಗೂ ಆಸೆಯಿತ್ತು. ಕೆಲಸ ಬಿಟ್ಟ ಮೇಲೆ ಕಾಕ್‌ಪಿಟ್ ಕನಸಿನಲ್ಲಿ ಮಾತ್ರ ಬರುತ್ತಿತ್ತು. ಆದರೂ ಇಲ್ಲವೆಂದೆ. ಸ್ವಂತಕ್ಕೆಂದು ನೋಂದಾಯಿಸಿದ ವಿಮಾನದಲ್ಲಿ ಪ್ರತಿಫಲ ಪಡೆದು ಪಾಠ ಹೇಳುವಂತಿಲ್ಲ. ಲೈಸೆನ್ಸ್ ಬೇಕಾದರೆ ಮಾನ್ಯತೆಯಿರುವ ಶಾಲೆಯಲ್ಲೇ ಕಲಿಯಬೇಕು.

"ನನ್ ವಿಮಾನ, ನನ್ ಪೆಟ್ರೋಲು. ಯಾವನಿಗೇನು ಕಷ್ಟ?"

"ನಿಮ್ಮ ಮನೆಗೆ ನಿಮ್ಮ ರೂಲ್ಸ್ ಇಲ್ವಾ? ಆಕಾಶಕ್ಕೂ ಓನರ್ ಇದಾರೆ."

ಅವರು ಕಂಡುಕೊಂಡ ದಾರಿ ಹೆಬ್ಬಗೋಡಿಯ ಓನರಿಗೆ ಮಾತ್ರ ಹೊಳೆಯುವಂಥದ್ದು. "ದುಡ್ಡು ಬ್ಯಾಡ ಬಿಡಿ. ಬಾಡಿಗೆ ಮಾಫ್!"

ಬಾಡಿಗೆ ಬಿಟ್ಟರೆ ಅದೂ ಪ್ರತಿಫಲವೇ ಎಂದು ತಿಳಿಸಿ ಹೇಳುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಮೊಳೆಯನ್ನೂ ಹೊಡೆದುಕೊಳ್ಳಿ ಅಂದರು. ಅದಕ್ಕೆ ನಾನು ಒಂದು ಕ್ಷಣ ಕರಗಿದ್ದು ನಿಜ.

ಕೊನೆಗೆ ಅವರು ದೂರದ ಊರಿನ ಶಾಲೆಗೆ ಸೇರಿ, ಮಕ್ಕಳ ವಯಸ್ಸಿನವರ ನಡುವೆ ಕೂತು ಕಲಿತರು. ಲೈಸೆನ್ಸ್ ಬಂದ ದಿನ ಓಣಿಗೆಲ್ಲ ಮೈಸೂರುಪಾಕು ಹಂಚಿದರು. ನನಗೆ ಹೊಟ್ಟೆ ಉರಿಯಿತು. ಯಾರೋ ಕಾಣದ ಮೇಷ್ಟ್ರು ನನ್ನ ಶಿಷ್ಯನನ್ನು ಕಿತ್ತುಕೊಂಡ ಹಾಗೆ.

ನಿನ್ನೆ, ಊರಾಚೆಯ ಸಣ್ಣ ರನ್‌ವೇಯಿಂದ ಅವರ ವಿಮಾನದಲ್ಲೇ ನನ್ನನ್ನು ಹತ್ತಿಸಿಕೊಂಡು ಹೋದರು. ನಾನು ಬರೀ ಪ್ಯಾಸೆಂಜರ್. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ, ನೀವೇ ಹೇಳಿ. ಇಳಿಯುವಾಗ ಅಡ್ಡಗಾಳಿಗೆ ವಿಮಾನ ಕೊಂಚ ವಾಲಿತು. ನನ್ನ ಕೈ ತಾನಾಗಿ ನನ್ನ ಮುಂದಿದ್ದ ಕಂಟ್ರೋಲಿನತ್ತ ಹೋಯಿತು.

"ಮೇಡಂ, ಕೈ," ಅಂದರು, ತಿರುಗದೆ.

ಕೈಯನ್ನು ತೊಡೆಯ ಕೆಳಗಿಟ್ಟುಕೊಂಡೆ. ಅವರೇ ಸರಿಮಾಡಿಕೊಂಡು, ಚಕ್ರ ತಾಗಿದ್ದು ತಿಳಿಯದಂತೆ ಇಳಿಸಿದರು. ಆಮೇಲೆ ಬೆವರು ಒರೆಸಿಕೊಳ್ಳುತ್ತ ಕೇಳಿದರು: "ಎಂಗಿತ್ತು?"

"ಪರವಾಗಿಲ್ಲ" ಅಂದೆ. ಅವರ ಮುಖ ಸಣ್ಣಗಾಯಿತು.

ಅಷ್ಟು ಚೆನ್ನಾಗಿ ನನ್ನ ಶಿಷ್ಯರಲ್ಲಿ ಎಷ್ಟು ಜನ ಇಳಿಸಿದ್ದಾರು? ಆ ಕಣ್ಣಿಗೆ ಇನ್ನೆಷ್ಟು ದಿನ ರನ್‌ವೇ ಕಾಣುತ್ತದೋ ಗೊತ್ತಿಲ್ಲ. ಬಟ್ಟೆ ಆಮೇಲೆ ಹರವಿದರಾಯಿತು. ಕೆಳಗೆ ಹೋಗಿ, ಅವರ ಬಾಗಿಲು ತಟ್ಟಿ, ನಿನ್ನೆಯೇ ಹೇಳಬೇಕಿದ್ದ ಮಾತನ್ನು ಹೇಳಿ ಬರುತ್ತೇನೆ.