ಮಾರ್ಚ್ ಒಂಬತ್ತರ ಲಕೋಟೆ

ಎಂಟು ಪದದ ಒಂದು ಸಾಲು ನಮ್ಮ ಮನೆಯನ್ನು ಮೂವತ್ತು ವರ್ಷ ಕೂತು ತಿಂದಿತು. ಆ ಸಾಲು ಅಚ್ಚು ಹಾಕಿದ ಸಂಜೆ ಪತ್ರಿಕೆಯ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಕೂದಲೆಳೆಯಷ್ಟೂ ಇಳಿದಿಲ್ಲ. ಆ ಪತ್ರಿಕೆಯ ಅನ್ನ ತಿಂದವನೇ ಅಲ್ಲವೇನಯ್ಯ ನೀನು ಅಂತ ಕೇಳುತ್ತಾರೆ. ತಿಂದೆ. ಅನ್ನ ಬೇರೆ, ಸಿಟ್ಟು ಬೇರೆ.

ನಮ್ಮಪ್ಪ ಸಾಬೂನು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನನಗೆ ಆರು ವರ್ಷ ಇದ್ದಾಗ, ಮಾರ್ಚ್ ಒಂಬತ್ತನೇ ತಾರೀಖು ಬೆಳಗ್ಗೆ, ಕಾರ್ಖಾನೆಗೆ ಬೆಂಕಿ ಬಿತ್ತು. ಒಂಬತ್ತು ಜನ ಹೋದರು. ಅದರಲ್ಲಿ ಅಪ್ಪನೂ ಒಬ್ಬ. ಅದೇ ಹೊತ್ತಿಗೆ ಮನೆಯಲ್ಲಿ ನನ್ನ ತಂಗಿ ಹುಟ್ಟಿದಳು.

ಬೆಂಕಿ ಯಾಕೆ ಬಿತ್ತು, ಒಳಗೆ ಯಾರು ಏನು ಮಾಡಿದರು ಅಂತ ಆಗ ನಮ್ಮೂರಲ್ಲಿ ಯಾರೂ ಹೇಳಲಿಲ್ಲ. ಹನ್ನೊಂದು ವರ್ಷ ನಾವು ಒಂಬತ್ತು ಮನೆಯವರೂ ಒಂದೇ ಬೀದಿಯಲ್ಲಿ ಒಂದೇ ಮನೆಯವರ ಹಾಗೆ ಇದ್ದೆವು. ಎದುರುಮನೆಯಾಕೆ, ಅವಳ ಗಂಡನೂ ಅಲ್ಲೇ ಹೋದವನು, ದಿನಾ ಸಂಜೆ ನಮ್ಮ ಜಗಲಿಯಲ್ಲಿ ಕೂತು ಅಮ್ಮನಿಗೆ ಪೇಪರ್ ಓದಿ ಹೇಳುತ್ತಿದ್ದಳು. ಅಮ್ಮನಿಗೆ ಅಕ್ಷರ ಬರುವುದಿಲ್ಲ. ಹನ್ನೊಂದನೇ ವರ್ಷ ಪತ್ರಿಕೆಯಲ್ಲಿ ಹೊಸದಾಗಿ ‘ಈ ದಿನ’ ಅಂತ ಒಂದು ಅಂಕಣ ಶುರುವಾಯಿತು. ಆ ತಾರೀಖಿಗೆ ಹಿಂದೆ ಏನೇನಾಯಿತು, ಯಾರು ಯಾರು ಹುಟ್ಟಿದರು ಅನ್ನುವ ಪಟ್ಟಿ. ಮಾರ್ಚ್ ಒಂಬತ್ತು ಬಂತು. ಯಾವುದೋ ರಾಜ ಪಟ್ಟಕ್ಕೆ ಬಂದ, ಯಾವುದೋ ಹಡಗು ಮುಳುಗಿತು, ಯಾರೋ ಗಣಿತದ ಪಂಡಿತ ಹುಟ್ಟಿದ. ಆಮೇಲೆ ನಮ್ಮ ಸಾಬೂನು ಕಾರ್ಖಾನೆ. ಅದರ ಕೊನೆಗೆ ಆ ಎಂಟು ಪದ: ‘ಬಾಯ್ಲರ್ ನೋಡಿಕೊಳ್ಳುತ್ತಿದ್ದ ನೌಕರ ಆ ವೇಳೆಗೆ ತನ್ನ ಜಾಗದಲ್ಲಿ ಇರಲಿಲ್ಲ.’

ಎದುರುಮನೆಯಾಕೆ ಅಷ್ಟು ಓದಿ, ಪೇಪರ್ ಮಡಚಿ, ಎದ್ದು ಹೋದಳು. ಮತ್ತೆ ನಮ್ಮ ಜಗಲಿ ಹತ್ತಲಿಲ್ಲ.

ಜಾಗದಲ್ಲಿ ಇಲ್ಲದೆ ಎಲ್ಲಿ ಹೋಗಿದ್ದ? ಬೀದಿಗೆ ಬೀದಿಯೇ ಲೆಕ್ಕ ಹಾಕಿತು. ಹೆಂಡತಿಗೆ ಹೆರಿಗೆ ನೋವು, ಮಗು ನೋಡಲು ಓಡಿದ್ದಾನೆ, ದಾರಿಯಲ್ಲಿ ಹೊಗೆ ಕಂಡು ವಾಪಸ್ ಬಂದು ಸತ್ತಿದ್ದಾನೆ! ‘ಹುಟ್ಟುತ್ತಲೇ ಒಂಬತ್ತು ಜನರನ್ನು ನುಂಗಿದಳು’ ಅಂತ ನಲ್ಲಿಯ ಹತ್ತಿರ ಯಾರೋ ಅಂದದ್ದು ಹನ್ನೊಂದು ವರ್ಷದ ನನ್ನ ತಂಗಿಯ ಕಿವಿಗೆ ಬಿತ್ತು. ಅವತ್ತಿನಿಂದ ಹುಟ್ಟಿದ ದಿನ ಯಾರು ಕೇಳಿದರೂ ಅವಳು ‘ಮಾರ್ಚ್ ಹತ್ತು’ ಅನ್ನುತ್ತಾಳೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆಗ ಹದಿನೇಳು ವರ್ಷ, ಕೈಯಲ್ಲಿ ಕೆಲಸ ಇಲ್ಲ, ಮೂಗಿನ ತುದಿಯಲ್ಲಿ ಕೋಪ. ಮಾರನೇ ದಿನ ಪತ್ರಿಕೆಯ ಆಫೀಸಿಗೆ ನುಗ್ಗಿ, ‘ಈ ದಿನ ಬರೆಯೋ ಗಂಡಸು ಯಾರು?’ ಅಂತ ಕೂಗಿದೆ. ಮೂಲೆಯಲ್ಲಿ ಬೆರಳಿಗೆಲ್ಲ ಮೈದಾ ಅಂಟು ಮೆತ್ತಿಕೊಂಡು ಕೂತಿದ್ದ ಸಣಕಲು ಮನುಷ್ಯ ಕೈ ಎತ್ತಿದರು. ಹೋಗಿ ಕೆನ್ನೆಗೆ ಬಾರಿಸಿದೆ. ಕನ್ನಡಕ ಹಾರಿ ಬೀರುವಿನ ಕೆಳಗೆ ಹೋಯಿತು.

ಅವರು ಬಗ್ಗಿ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಕೇಳಿದ ಮೊದಲ ಮಾತು: ‘ಯಾವ ತಾರೀಖಿನದಪ್ಪಾ?’

ಇವರೇ ನಮ್ಮ ತಾರೀಖು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆಫೀಸಿನವರು ಇಟ್ಟ ಹೆಸರು. ಅವರ ಬೀರುವಿನಲ್ಲಿ ವರ್ಷದ ದಿನಕ್ಕೊಂದರಂತೆ ಮುನ್ನೂರ ಅರವತ್ತಾರು ಲಕೋಟೆ. ಊರೂರಿನ ಹಳೇ ಪತ್ರಿಕೆ ತರಿಸಿ, ಸುದ್ದಿ ಕತ್ತರಿಸಿ, ರಟ್ಟಿಗೆ ಅಂಟಿಸಿ, ಆಯಾ ತಾರೀಖಿನ ಲಕೋಟೆಗೆ ಹಾಕುವುದು ಅವರ ಕೆಲಸ. ಯಾವ ವರ್ಷ, ಯಾವ ಊರು ಅನ್ನುವುದು ಆಮೇಲೆ. ತಾರೀಖು ಒಂದೇ ಆದರೆ ಎಲ್ಲಾ ಒಂದೇ ಲಕೋಟೆ. ಅವರದು ಒಂದೇ ನಿಯಮ: ಕಟಿಂಗ್ ಇಲ್ಲದೆ ಒಂದಕ್ಷರ ಹಾಕುವುದಿಲ್ಲ.

‘ನಾನು ಬರೆಯೋನಲ್ಲ ಕಣಯ್ಯಾ, ಅಂಟಿಸೋನು’ ಅಂದರು. ರಟ್ಟು ತೆಗೆದು ತೋರಿಸಿದರು. ಎಂಟು ಪದ ಅಲ್ಲೇ ಇದ್ದವು.

‘ನನ್ನ ತಂಗಿ ಹುಟ್ಟಿದ್ದೂ ಅವತ್ತೇ, ಅವಳೇ ಎಲ್ಲರನ್ನೂ ನುಂಗಿದಳು ಅಂತಾರೆ’ ಅಂದೆ.

‘ಅದೇ ದಿನ ಒಂದು ಹಡಗೂ ಮುಳುಗಿದೆ. ಅದನ್ನೂ ನಿನ್ನ ತಂಗಿ ಮುಳುಗಿಸಿದಳು ಅಂತೀಯಾ?’

ನಗು ಬಂತು, ಹಾಳಾದ್ದು. ಅವರು ಆ ಸಾಲು ಮತ್ತೆ ಹಾಕುವುದಿಲ್ಲ ಅಂತ ಮಾತು ಕೊಟ್ಟರು, ಉಳಿಸಿಕೊಂಡರು. ಹೋಗುವಾಗ ಕರೆದು, ‘ಮಿಷನ್ ರೂಮಿನಲ್ಲಿ ಒಬ್ಬ ಬೇಕು. ಆ ಮಿಷನ್ನೂ ಏಟು ಬೀಳದೆ ಓಡಲ್ಲ. ನಿನ್ನ ಕೈ ಸರಿಹೋಗುತ್ತೆ’ ಅಂದರು. ಹೀಗೆ ನಾನು ಮಿಷನ್ನಿನವನಾದೆ.

ಮೂವತ್ತು ವರ್ಷ ಜೊತೆಗಿದ್ದೆ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೇಷ್ಟ್ರು ಲಕೋಟೆ ತೆಗೆದು, ‘ನಿಮ್ಮ ಮಗನ ಜೊತೆ ಒಬ್ಬ ನಾಟಕದವನೂ ಒಬ್ಬ ಡಕಾಯಿತನೂ ಇದ್ದಾರೆ, ಹುಷಾರು’ ಅನ್ನೋರು. ಅವರದೇ ಹುಟ್ಟಿದ ದಿನ ಅವರಿಗೆ ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ತೋಚಿದ್ದು ಬರೆದರಂತೆ. ‘ಬೀರು ತುಂಬ ಲಕೋಟೆ, ನನ್ನದು ಯಾವುದೋ!’ ಅಂತ ನಗೋರು. ನನ್ನ ಏಟಿನ ಸುದ್ದಿ ಯಾರಾದರೂ ಎತ್ತಿದರೆ, ‘ಅದು ಮುಂಗಡ ಕಣ್ರಯ್ಯಾ, ತಪ್ಪು ಇನ್ನೂ ಮಾಡಿಲ್ಲ’ ಅನ್ನೋರು.

ಮಾಡಿಯಾಗಿತ್ತು. ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೆ.

ಹೋದ ವರ್ಷದ ಹಿಂದಿನ ನವೆಂಬರಿನಲ್ಲಿ ಹೊಸ ಮಾಲೀಕರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಬೇಕು ಅಂದರು. ಅಚ್ಚು ಮುಗಿದ ಮೇಲೆ ನಾನು ಲಕೋಟೆ ಇಳಿಸಿಕೊಡುವುದು, ಮೇಷ್ಟ್ರು ಒಂದೊಂದೇ ರಟ್ಟು ನೋಡಿ ಟೈಪಿಗೆ ಕಳಿಸುವುದು. ಮಾರ್ಚ್ ಒಂಬತ್ತರ ಲಕೋಟೆ ಕೊಡವಿದೆ. ಅಂಟು ಒಣಗಿ, ಒಂದು ಚೂರು ಉದುರಿ ನನ್ನ ಕಾಲ ಮೇಲೆ ಬಿತ್ತು. ಅದೇ ಎಂಟು ಪದ. ಎತ್ತಿಕೊಂಡೆ. ಓದು ಕಮ್ಮಿ ಇರಬಹುದು, ಕಾಗದ ನನಗೆ ಗೊತ್ತು. ಅಪ್ಪನ ಸುದ್ದಿಯ ಕಾಗದ ಒರಟು, ಕಾಲಂ ಕಿರಿದು. ಈ ಚೂರು ನಯ, ಕಾಲಂ ಅಗಲ. ಇದು ಅದರ ಬಾಲವೇ ಅಲ್ಲ!

ಅದೇ ಲಕೋಟೆಯಲ್ಲಿ ಇನ್ನೊಂದು ಬೆಂಕಿಯ ರಟ್ಟಿತ್ತು. ಬೇರೆ ಊರು, ಬೇರೆ ವರ್ಷ, ಎಣ್ಣೆ ಗಿರಣಿ, ಮಾರ್ಚ್ ಒಂಬತ್ತು. ಅದರ ಕೊನೆ ಹರಿದಿತ್ತು. ಚೂರನ್ನು ಹಿಡಿದು ನೋಡಿದೆ. ಹಲ್ಲಿಗೆ ಹಲ್ಲು ಕೂತಂತೆ ಕೂತಿತು.

‘ಮೇಷ್ಟ್ರೇ, ಇದು ನಮ್ಮಪ್ಪನದಲ್ಲ.’

ಅವರು ಅಪ್ಪನ ರಟ್ಟನ್ನು ಬೆಳಕಿಗೆ ಹಿಡಿದರು. ಇಷ್ಟು ವರ್ಷ ಆ ಚೂರು ಮುಚ್ಚಿಕೊಂಡಿದ್ದ ಜಾಗದಲ್ಲಿ, ಒಣಗಿದ ಅಂಟಿನ ಕೆಳಗೆ, ನಾಲ್ಕು ಸಾಲು ಇದ್ದವು. ಅವರೇ ಓದಿದರು. ‘ಬಾಯ್ಲರ್ ನೌಕರ ಕೊನೆಯವರೆಗೂ ಜಾಗ ಬಿಡದೆ ಹಬೆಯ ಕವಾಟ ತೆರೆದು ಹಿಡಿದಿದ್ದರಿಂದ ಒಳಗಿದ್ದ ನಲವತ್ತು ಮಂದಿ ಹೊರಬಂದರು. ಅವರ ದೇಹ ಕವಾಟದ ಬಳಿಯೇ ಸಿಕ್ಕಿತು.’

ನನ್ನ ಕಿವಿಯಲ್ಲಿ ಮಿಷನ್ ಓಡಿದ ಹಾಗೆ ಸದ್ದು. ಮಿಷನ್ ನಿಂತು ಗಂಟೆಯಾಗಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಮೊದಲನೇ ವರ್ಷದ ಅವಸರ. ಲಕೋಟೆಯ ತಳದಲ್ಲಿ ಚೂರು ಬಿದ್ದಿತ್ತು. ಎರಡು ಬೆಂಕಿ. ನೋಡದೆ ಒಂದಕ್ಕೆ ಮೆತ್ತಿಬಿಟ್ಟೆ. ಹೊಡಿಯಪ್ಪ. ಆವತ್ತಿನದು ಮುಂಗಡ ಅಂತಿದ್ದೆನಲ್ಲ, ಈಗ ಹೊಡಿ’ ಅಂದರು.

ಕೈ ಏಳಲಿಲ್ಲ. ಬಾಯಿ ಎದ್ದಿತು. ‘ನಾಳೆಯೇ ಹಾಕಿ!’ ಅಂತ ಕಿರುಚಿದೆ.

‘ನಾಳೆ ಹಾಕಿದರೆ ಮೂಲೆಯಲ್ಲಿ ತಿದ್ದುಪಡಿ ಅಂತ ಬರುತ್ತೆ, ಒಬ್ಬ ನರಪಿಳ್ಳೆ ಓದಲ್ಲ. ನಿಮ್ಮ ಬೀದಿಯವರು ಪೇಪರ್ ಹುಡುಕಿ ಓದೋದು ಮಾರ್ಚ್ ಒಂಬತ್ತಕ್ಕೆ. ಅವತ್ತೇ, ಎಲ್ಲಕ್ಕಿಂತ ಮೇಲೆ, ಚೌಕಟ್ಟು ಕಟ್ಟಿ ಹಾಕ್ತೀನಿ. ನನ್ನ ಕೈಯಾರೆ.’

ಮನೆಗೆ ಹೋಗಿ ಹೇಳಿದೆ. ತಂಗಿ ಬಾಗಿಲಿಗೆ ಒರಗಿ ನಿಂತೇ ಇದ್ದಳು. ಅಮ್ಮ, ‘ನಾನೇ ಹೇಳಿ ಕಳಿಸಿದ್ದೆ ಕಣೋ’ ಅಂದಳು. ‘ಅವತ್ತು ಬೆಳಗ್ಗೆ, ನೋವು ಶುರುವಾಯ್ತು ಬಾ ಅಂತ. ನಾನು ಕರೆದದ್ದಕ್ಕೇ ಜಾಗ ಬಿಟ್ಟು ಎದ್ದರು ಅಂದ್ಕೊಂಡೇ ಇಷ್ಟು ವರ್ಷ ಬದುಕಿದೆ.’

ಮೂವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ನಾನು. ಈ ಮಾತು ನನಗೆ ಗೊತ್ತಿರಲಿಲ್ಲ!

‘ಈಗ ಗೊತ್ತಾಯ್ತಲ್ಲಮ್ಮ’ ಅಂದೆ.

‘ನೀನು ಹೇಳ್ತೀಯ, ನೀನು ಮಗ. ಪೇಪರಲ್ಲಿ ಬರಲಿ. ಎದುರುಮನೆಯವಳು ಓದಲಿ.’

ಮೇಷ್ಟ್ರು ಉಳಿದ ಲಕೋಟೆಗಳನ್ನೆಲ್ಲ ಟೈಪಿಗೆ ಕಳಿಸಿದರು. ಮಾರ್ಚ್ ಒಂಬತ್ತರದನ್ನು ಮಾತ್ರ ಕಳಿಸಲಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟರೆ ಮತ್ತೆ ತಪ್ಪಾದೀತು ಅಂತ ತಮ್ಮ ಊಟದ ಚೀಲದಲ್ಲಿಟ್ಟುಕೊಂಡು ದಿನಾ ತರುವುದು, ಒಯ್ಯುವುದು. ನನಗೆ ಚೀಲ ತಟ್ಟಿ ತೋರಿಸುವುದು. ಫೆಬ್ರವರಿ ಇಪ್ಪತ್ತಾರಕ್ಕೆ ಊಟದ ಹೊತ್ತಿನಲ್ಲಿ ಕುರ್ಚಿಯಲ್ಲೇ ತಲೆ ಒರಗಿಸಿದರು, ಮತ್ತೆ ಏಳಲಿಲ್ಲ. ಹೆಣ ಹೊತ್ತವರಲ್ಲಿ ನಾನೂ ಒಬ್ಬ. ಊಟದ ಚೀಲವನ್ನು ಯಾರೋ ಅವರ ಮನೆಗೆ ಮುಟ್ಟಿಸಿದರು, ಅದರೊಳಗಿನ ಲಕೋಟೆಯ ನೆನಪು ಆ ಗಳಿಗೆಯಲ್ಲಿ ಯಾರಿಗಿರುತ್ತೆ?

ಮಾರ್ಚ್ ಒಂಬತ್ತು, ಮಧ್ಯಾಹ್ನ. ಮಿಷನ್ ಹಾಕಿ ಮೊದಲನೇ ಕಾಪಿ ಎಳೆದು ನೋಡಿದೆ. ರಾಜ, ಹಡಗು, ಪಂಡಿತ, ಸಾಬೂನು ಕಾರ್ಖಾನೆ. ಕೆಳಗೆ ಅವೇ ಎಂಟು ಪದ.

ಸ್ವಿಚ್ಚಿಗೆ ಗುದ್ದಿದೆ. ಸಂಪಾದಕರು ಇಳಿದು ಬಂದರು. ಕಂಪ್ಯೂಟರಿನಲ್ಲಿ ಆ ತಾರೀಖು ಖಾಲಿ ಇತ್ತಂತೆ, ಮೂವತ್ತು ವರ್ಷದ ಹಿಂದಿನ ಸಂಚಿಕೆ ನೋಡಿ ತುಂಬಿದರಂತೆ. ನಾನು ಕೂಗಾಡಿದ್ದು ಬೀದಿಗೆ ಕೇಳಿತು. ಅವರು ಪಾಪ ಸಮಾಧಾನದಲ್ಲೇ, ಅವತ್ತಿನ ಪುಟದಿಂದ ಆ ಸುದ್ದಿಯನ್ನೇ ಕಿತ್ತುಹಾಕಿಸಿ, ‘ಕಟಿಂಗ್ ತನ್ನಿ, ನಾಳೆಯೇ ಹಾಕೋಣ. ಕಟಿಂಗ್ ಇಲ್ಲದೆ ಹಾಕಬಾರದು ಅಂತ ನಿಮ್ಮ ಮೇಷ್ಟ್ರೇ ಕಲಿಸಿದ್ದು’ ಅಂದರು.

ಮೇಷ್ಟ್ರ ಮನೆಗೆ ಓಡಿದೆ. ಅವರ ಸೊಸೆ ತಲೆ ತಗ್ಗಿಸಿದಳು. ‘ಚೀಲದಲ್ಲಿ ಹಳೇ ಕಾಗದ ಇತ್ತಣ್ಣಾ. ಮಾವನವರನ್ನು ಒಯ್ದ ಮೇಲೆ ಮನೆ ತೊಳೆದ ದಿನವೇ ರದ್ದಿಯವನಿಗೆ ಹಾಕಿಬಿಟ್ಟೆ.’

ರದ್ದಿ ಅಂಗಡಿಯವನು ಲೋಡು ಕಳಿಸಿ ಮೂರು ದಿನ ಆಗಿತ್ತು. ಆ ಸುದ್ದಿ ಹಾಕಿದ್ದ ದೂರದ ಪತ್ರಿಕೆ ಮುಚ್ಚಿ ಎಷ್ಟೋ ವರ್ಷ. ನಾಲ್ಕು ತಿಂಗಳು ಕಣ್ಣೆದುರಿಗೇ ಇದ್ದ ರಟ್ಟಿಗೆ ಒಂದು ಜೆರಾಕ್ಸ್ ಮಾಡಿಸಬೇಕು ಅಂತ ನನ್ನ ಏಳನೇ ಕ್ಲಾಸಿನ ತಲೆಗೆ ಹೊಳೆಯಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ, ರದ್ದಿ ಅಂಗಡಿಯ ಮುಂದೆ, ಜನ ನೋಡುತ್ತಿದ್ದಂತೆಯೇ.

ಅವತ್ತು ಸಂಜೆ ಅಮ್ಮ ಜಗಲಿಯಲ್ಲಿ ಕೂತು ಎದುರುಮನೆಯ ಕಿಟಕಿಯನ್ನೇ ನೋಡುತ್ತಿದ್ದಳು. ಎದುರುಮನೆಯಾಕೆ ಪೇಪರ್ ಬಿಡಿಸಿದಳು, ಓದಿದಳು, ಮಡಚಿದಳು, ಒಳಗೆ ಹೋದಳು.

‘ಬರಲಿಲ್ವೇನೋ?’ ಅಂದಳು ಅಮ್ಮ.

ಮೊನ್ನೆ ರೇಷನ್ ಕಾರ್ಡಿನ ಆಫೀಸಿನಲ್ಲಿ ಗುಮಾಸ್ತ ತಂಗಿಯ ಹುಟ್ಟಿದ ದಿನ ಕೇಳಿದ. ನಾನು ಪಕ್ಕದಲ್ಲೇ ಇದ್ದೆ. ಅವಳು ನನ್ನ ಮುಖ ನೋಡಿ, ‘ಹತ್ತು’ ಅಂದಳು.

ಮೇಷ್ಟ್ರು ನಮಗೆ ನಾಲ್ಕು ಸಾಲು ಬಾಕಿ. ಆ ಸಾಲು ನನಗೆ ಬಾಯಿಪಾಠ, ಮೇಲೆ ಬರೆದೂ ಇದ್ದೇನೆ. ಆದರೆ ಇದು ಆ ಪತ್ರಿಕೆಯಲ್ಲ, ಇವತ್ತು ಮಾರ್ಚ್ ಒಂಬತ್ತೂ ಅಲ್ಲ.